ದೀಪವನ್ನು ನಂದಿಸುವ ವಿದ್ಯೆ: ವಿದ್ಯುತ್ ಸ್ವಿಚ್ಚಿನ ಚರಿತ್ರೆಯಲ್ಲಿ ಒಂದು ಪ್ರಕರಣ

ತೂಬನ್ನು ತೆರೆದರೆ ನೀರು ಹರಿಯುವುದು. ವಿದ್ಯುನ್ಮಂಡಲವನ್ನು ತೆರೆದರೆ ಪ್ರವಾಹವು ನಿಲ್ಲುವುದು. ಒಂದೇ ಕ್ರಿಯಾಪದವು ಎರಡೆಡೆಗಳಲ್ಲಿ ವಿರುದ್ಧ ಫಲವನ್ನು ಸೂಚಿಸುವುದರಿಂದ ಹೊಸ ವಿದ್ಯಾರ್ಥಿಗಳು ತೊಡಕಿಗೆ ಸಿಲುಕುವುದುಂಟು. ಆದರೆ ಪಠ್ಯಪುಸ್ತಕದ ಚಿತ್ರವು ಇದಕ್ಕಿಂತ ದೊಡ್ಡದೊಂದು ತಪ್ಪು ಕಲ್ಪನೆಗೆ ಎಡೆಗೊಡುತ್ತದೆ. ಅಲ್ಲಿ ಸ್ವಿಚ್ಚೆಂದರೆ ಎತ್ತಿ ಇಳಿಸಬಹುದಾದ ಒಂದು ಪುಟ್ಟ ಸೇತುವೆ; ಕೂಡಿಸುವುದೂ ಬಿಡಿಸುವುದೂ ಸಮಾನವಾದ ಕಾರ್ಯಗಳು. ಚರಿತ್ರೆಯು ಹಾಗೆ ಹೇಳುವುದಿಲ್ಲ. ಮಂಡಲವನ್ನು ಕೂಡಿಸುವ ಉಪಾಯವು 1800ರಲ್ಲಿ ವೋಲ್ಟನ ವಿದ್ಯುತ್ಕೋಶದೊಡನೆಯೇ ದೊರೆತಿತ್ತು. ಎರಡು ತಂತಿಗಳನ್ನು ಮುಟ್ಟಿಸಿದರಾಯಿತು. ಗೃಹಬಳಕೆಯ ಪ್ರವಾಹವನ್ನು ಕ್ಷೇಮವಾಗಿ ಕಡಿಯುವ ಉಪಾಯಕ್ಕೆ ಎಂಬತ್ತು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು.

ತೊಡಕಿನ ಸ್ವರೂಪವನ್ನು ಮೊದಲು ಗಮನಿಸಿದವರಲ್ಲಿ ಅಮೆರಿಕದ ಜೋಸೆಫ್ ಹೆನ್ರಿಯೊಬ್ಬನು. ಗಿಡ್ಡ ತಂತಿಯ ಮಂಡಲವನ್ನು ಬಿಡಿಸಿದಾಗ ಕಾಣದ ಕಿಡಿಯು ಉದ್ದವಾದ ತಂತಿಯ ಮಂಡಲದಲ್ಲಿ ಪ್ರಖರವಾಗಿ ಕಾಣುವುದೆಂದೂ, ತಂತಿಯನ್ನು ಸುರುಳಿ ಸುತ್ತಿದರೆ ಅದು ಇನ್ನೂ ಹೆಚ್ಚುವುದೆಂದೂ ಆತನು 1832ರಲ್ಲಿ ಪ್ರಕಟಿಸಿದನು. ಹರಿಯುತ್ತಿರುವ ಪ್ರವಾಹವು ತಾನು ನಿಲ್ಲುವುದನ್ನು ತಾನೇ ವಿರೋಧಿಸುತ್ತದೆ. ಇದೇ ಸ್ವಯಂಪ್ರೇರಣೆ, ಇದರ ಮಾನಕ್ಕೆ ಇಂದು ಹೆನ್ರಿಯ ಹೆಸರೇ ಇದೆ.

ಇಲ್ಲಿ ವಿದ್ಯಾರ್ಥಿಯು ನ್ಯಾಯವಾದ ಆಕ್ಷೇಪವೊಂದನ್ನು ಎತ್ತಬಹುದು. ಸಾಮಾನ್ಯ ವಾಯುವಿನಲ್ಲಿ ಸುಮಾರು 300 ವೋಲ್ಟುಗಳಿಗಿಂತ ಕಡಿಮೆಯಾದ ವಿಭವವು ಕಿರಿದಾದ ತೆರವನ್ನೂ ಹಾರಲಾರದು. ಅಂದಮೇಲೆ 100 ವೋಲ್ಟುಗಳ ದೀಪದ ಮಂಡಲದಲ್ಲಿ, ಸುರುಳಿಯೇ ಇಲ್ಲದಿರುವಾಗಲೂ, ಕಿಡಿಯು ನಿಲ್ಲುವುದೆಂತು? ಉತ್ತರವಿಷ್ಟೆ: ಈ ಕಿಡಿಯು ಹಾರಿ ಬರುವುದಲ್ಲ, ಎಳೆಯಲ್ಪಡುವುದು. ಲೋಹದ ತುದಿಗಳು ಅಗಲುವ ಕಡೆಯ ಕ್ಷಣದಲ್ಲಿ ಸಮಸ್ತ ಪ್ರವಾಹವೂ ಒಂದು ಬಿಂದುವಿನಲ್ಲಿ ಇಕ್ಕಟ್ಟಾಗಿ ಹರಿಯಬೇಕಾಗುತ್ತದೆ. ಆ ಬಿಂದುವು ಕರಗಿ ಆವಿಯಾಗಿ, ಆ ಕಾದ ಆವಿಯೇ ವಾಹಕವಾಗುತ್ತದೆ. ಬೆಲ್ಲದ ಪಾಕದಿಂದ ಎಳೆ ತೆಗೆದಂತೆ ಚಾಪವು ತುದಿಗಳ ಹಿಂದೆಯೇ ಬರುತ್ತದೆ. ತಾಮ್ರದ ತುದಿಗಳ ನಡುವೆ ಒಮ್ಮೆ ಹುಟ್ಟಿದ ಚಾಪವನ್ನು ಬದುಕಿಸಿಡಲು ಸುಮಾರು 13 ವೋಲ್ಟುಗಳೇ ಸಾಕು. ಕೈ ಎಷ್ಟು ಮಂದವೋ ಕಿಡಿಯ ಆಯುಸ್ಸು ಅಷ್ಟು ದೀರ್ಘ. ತುದಿಗಳು ಸವೆಯುವುವು, ಮರದ ಹಲಗೆಯಿದ್ದರೆ ಅದೂ ಹತ್ತಿಕೊಳ್ಳಬಹುದು.

ಹೀಗಿದ್ದರೂ ಮೊದಮೊದಲ ವಿದ್ಯುದ್ದೀಪಗಳ ಮನೆಗಳಲ್ಲಿ ಏನು ಮಾಡುತ್ತಿದ್ದರು? ಇಂಗ್ಲೆಂಡಿನ ಉತ್ತರಭಾಗದ ಕ್ರ್ಯಾಗ್‌ಸೈಡ್ ಭವನದಲ್ಲಿ ಒಂದು ಸ್ವಾರಸ್ಯವಾದ ಏರ್ಪಾಡಿದ್ದಿತು. ಅದರ ಒಡೆಯನಾದ ವಿಲಿಯಂ ಆರ್ಮ್‌ಸ್ಟ್ರಾಂಗನು 1880ರಲ್ಲಿ ಸ್ವಾನನ ದೀಪಗಳನ್ನು ಅಲ್ಲಿ ಅಳವಡಿಸಿದನು. ಪುಸ್ತಕಭಂಡಾರದ ಕೆಲವು ದೀಪಗಳು ಎನಾಮಲು ಲೇಪಿಸಿದ ತಾಮ್ರದ ಹೂದಾನಿಗಳ ಮೇಲೆ ನಿಂತಿದ್ದುವು. ಪೀಠದ ನಡುವೆ ಪಾದರಸದ ಬಟ್ಟಲು. ಹೂದಾನಿಯೊಳಗಿನಿಂದ ಇಳಿದ ತಂತಿಯ ಬರಿಯ ತುದಿಯು ಅದರಲ್ಲಿ ಅದ್ದುತ್ತಿದ್ದಿತು. ಹಿಂದಿರುಗುವ ಪ್ರವಾಹಕ್ಕೆ ಹೂದಾನಿಯ ತಾಮ್ರವೇ ದಾರಿ. ದೀಪ ಆರಬೇಕಾದರೆ ಹೂದಾನಿಯನ್ನು ಪೀಠದಿಂದ ಎತ್ತುವುದು, ಹೊತ್ತಬೇಕಾದರೆ ಇಡುವುದು! ಪ್ರಯೋಗಶಾಲೆಯ ಪದ್ಧತಿಯು ಶ್ರೀಮಂತನ ದಿವಾನಖಾನೆಗೆ ಬಂದ ಬಗೆಯಿದು. ವಾಹಕವಾದ ಹೂದಾನಿಯನ್ನೇ ಕೈಯಿಂದ ಹಿಡಿಯಬೇಕೆಂಬುದು ಇಂದಿನ ಓದುಗರಿಗೆ ಅಳುಕನ್ನುಂಟುಮಾಡೀತು.

ಅದೇ ಪ್ರಾಂತದ ನ್ಯೂಕಾಸಲ್ ನಗರದ ಜಾನ್ ಹೆನ್ರಿ ಹೋಮ್ಸನು 1884ರಲ್ಲಿ ಪರಿಹಾರವನ್ನು ರೂಪಿಸಿದನು. ಆತನ ಸ್ವಿಚ್ಚಿನಲ್ಲಿ ಕೈಯು ಮಾಡುವುದು ಸ್ಪ್ರಿಂಗನ್ನು ಬಿಗಿಗೊಳಿಸುವ ಕೆಲಸವನ್ನು ಮಾತ್ರ. ಒಂದು ಮಿತಿಯನ್ನು ದಾಟಿದೊಡನೆ ಸ್ಪ್ರಿಂಗು ತಾನಾಗಿ ಚಿಮ್ಮಿ ತುದಿಗಳನ್ನು ಥಟ್ಟನೆ ಬೇರ್ಪಡಿಸುತ್ತದೆ. ಒತ್ತುವವರು ಮಗುವಾಗಲಿ ಮುದುಕರಾಗಲಿ, ಬಿಡಿಸುವ ವೇಗವೊಂದೇ. ಎಳೆಯು ಬಲಿಯುವ ಮೊದಲೇ ಕಡಿಯುತ್ತದೆ. ಆರೋಪಿತ ಅಂಶಗಳಾವುವೂ ಇದರಲ್ಲಿಲ್ಲ. ಮನುಷ್ಯನ ಕೈಯನ್ನು ನಂಬದಿರುವುದೇ ಇದರ ಜಾಣ್ಮೆ. ದೀಪವನ್ನು ಹೊತ್ತಿಸಿದ ಸ್ವಾನ್, ಎಡಿಸನ್ನರ ಹೆಸರುಗಳನ್ನು ಶಾಲೆಯ ಬಾಲಕರೂ ಬಲ್ಲರು. ನಂದಿಸುವುದನ್ನು ಕಲಿಸಿದವನಿಗೆ ಅಂಥ ಕೀರ್ತಿ ಸಂದಿಲ್ಲವೆಂಬುದು ನನಗೆ ಅನ್ಯಾಯವಾಗಿಯೇ ತೋರುತ್ತದೆ.

ಪರ್ಯಾಯ ಪ್ರವಾಹವು ಬಳಕೆಗೆ ಬಂದ ಮೇಲೆ ಈ ಜಾಣ್ಮೆಯ ಅಗತ್ಯವು ತಗ್ಗಿತು. ಸೆಕೆಂಡಿಗೆ 50 ಆವರ್ತಗಳ ಪ್ರವಾಹವು ಸೆಕೆಂಡಿಗೆ 100 ಬಾರಿ ಶೂನ್ಯಕ್ಕಿಳಿಯುವುದರಿಂದ ಚಾಪವು ತಾನೇ ನಂದಲು ಅವಕಾಶ ದೊರೆಯುತ್ತದೆ. 1902ರಲ್ಲಿ ಕೋಲಾರದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿದ ಶಿವನಸಮುದ್ರದ ವಿದ್ಯುತ್ತು ಈ ಬಗೆಯದೇ. ಕಾಲಕ್ರಮದಲ್ಲಿ ಕಿರಿದಾದ ತೆರವುಳ್ಳ, ಸದ್ದಿಲ್ಲದೆ ನಿಧಾನವಾಗಿ ಬಿಡಿಸುವ ಸ್ವಿಚ್ಚುಗಳೂ ಮನೆಗಳಿಗೆ ಬಂದುವು.

ಆದರೆ ಏಕಮುಖ ಪ್ರವಾಹವು ಹಿಂದಿರುಗಿದೆ. ಮನೆಯ ಮಾಳಿಗೆಯ ಮೇಲಿನ ಸೌರಫಲಕಗಳು ಕೊಡುವುದು ಅದನ್ನೇ, ಅನೇಕ ವೇಳೆ ನೂರಾರು ವೋಲ್ಟುಗಳಲ್ಲಿ. ಅದಕ್ಕೆ ಶೂನ್ಯಕ್ಷಣವಿಲ್ಲ. ಗೋಡೆಯ ಸಾಮಾನ್ಯ ಸ್ವಿಚ್ಚನ್ನು ಅಲ್ಲಿ ಹಾಕಿದರೆ, ಬಿಡಿಸಿದ ಮೇಲೂ ಚಾಪವು ಉರಿಯುತ್ತಲೇ ಇರಬಹುದು. ಆದಕಾರಣ ಅಲ್ಲಿ ಬಳಸುವ ಸ್ವಿಚ್ಚುಗಳನ್ನು ಬೇರೆಯಾಗಿಯೇ ರಚಿಸುತ್ತಾರೆ: ತೆರವು ಅಗಲ, ಕೆಲವುಗಳಲ್ಲಿ ಚಾಪವನ್ನು ಪಕ್ಕಕ್ಕೆಳೆದು ತುಂಡರಿಸುವ ಅಯಸ್ಕಾಂತ, ಹಿಡಿಯ ಹಿಂದೆ, 1884ರಲ್ಲಿದ್ದಂತೆಯೇ, ಥಟ್ಟನೆ ಚಿಮ್ಮುವ ಸ್ಪ್ರಿಂಗು.