ಕೊಡೈಕೆನಾಲ್: ಬೆಟ್ಟದ ಮೇಲೊಂದು ಕೆರೆ, ಕೆರೆಯ ಸುತ್ತ ಒಂದು ಊರು

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಪಳನಿ ಬೆಟ್ಟಗಳ ನೆತ್ತಿಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿ ಕೊಡೈಕೆನಾಲ್ ಕೂತಿದೆ. ಪಶ್ಚಿಮ ಘಟ್ಟದಿಂದ ಕವಲೊಡೆದು ಪೂರ್ವಕ್ಕೆ ಚಾಚಿಕೊಂಡ ಬೆಟ್ಟಸಾಲು ಇದು. ಉತ್ತರದ ಬುಡದಲ್ಲಿ ಪಳನಿಯ ಮುರುಗನ ಸನ್ನಿಧಿ, ದಕ್ಷಿಣದ ಬುಡದಲ್ಲಿ ಪೆರಿಯಕುಳಂನ ಮಾವಿನ ತೋಪುಗಳು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದವರು ಹೊಸೂರು, ಸೇಲಂ, ದಿಂಡಿಗಲ್ ದಾಟಿ ನಸುಕಿನಲ್ಲಿ ವತ್ತಲಗುಂಡಿನ ಬಳಿ ಘಾಟಿ ಏರಲು ತೊಡಗುತ್ತಾರೆ. ಕೆಳಗೆ ಬಾಳೆ, ತೆಂಗು. ನಡುವೆ ಕಾಫಿ, ಕಿತ್ತಳೆ. ಮೇಲೆ ನೀಲಗಿರಿ ಮರ, ಪೈನ್, ಮಂಜು. ಎರಡೂವರೆ ತಾಸಿನಲ್ಲಿ ಸೆಕೆಯ ನಾಡಿನಿಂದ ಸ್ವೆಟರಿನ ನಾಡಿಗೆ ಬಂದಿರುತ್ತೇವೆ.

2011ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ 36,501. ನಮ್ಮ ಸಾಧಾರಣ ತಾಲ್ಲೂಕು ಕೇಂದ್ರದಷ್ಟು. ಆದರೆ ಮೇ ತಿಂಗಳ ಒಂದು ಶನಿವಾರ ಇಲ್ಲಿ ನಿಂತು ನೋಡಿದರೆ ಊರಿನವರು ಯಾರು, ಬಂದವರು ಯಾರು ಎಂದು ತಿಳಿಯದಷ್ಟು ಜನ. ಕೊಡೈಕೆನಾಲಿನ ಸಂಪತ್ತೂ ಸಂಕಟವೂ ಅದೇ.

ಕೆರೆಗೂ ಮೊದಲು

ಊರಿನ ಚರಿತ್ರೆ ಬಿಳಿಯರಿಂದ ಶುರುವಾಯಿತು ಎಂದು ಮಾರ್ಗದರ್ಶಿ ಪುಸ್ತಕಗಳು ಹೇಳುತ್ತವೆ. ಅದು ಪೂರ್ತಿ ನಿಜವಲ್ಲ. ಪಳನಿ ಬೆಟ್ಟಗಳ ಕೆಳ ಮತ್ತು ನಡು ಇಳಿಜಾರುಗಳಲ್ಲಿ, ತಾಂಡಿಕುಡಿಯಂಥ ಹಳ್ಳಿಗಳ ಸುತ್ತ, ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾಯುಗದ ಕಲ್ಮನೆಗಳು ಇವೆ. ಕ್ರೈಸ್ತ ಪಾದ್ರಿ ಆಂಗ್ಲೇಡ್ ಅವರೂ ನ್ಯೂಟನ್ ಅವರೂ ಸೇರಿ 1928ರಲ್ಲಿ ಇವುಗಳ ಬಗ್ಗೆ ಪುಸ್ತಕವನ್ನೇ ಬರೆದರು. ಕಾಡಿನಲ್ಲಿ ಜೇನು ಕೀಳುತ್ತ, ಗೆಡ್ಡೆ ಅಗೆಯುತ್ತ ಬದುಕಿದವರು ಪಳಿಯರು. ಬಯಲಿನಿಂದ ಬಂದು ಬೆಟ್ಟದ ಓರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬೇಸಾಯ ಹೂಡಿದವರು ಕುನ್ನುವರು. ಪೂಂಬಾರೈ ಹಳ್ಳಿಯ ಮೇಲಿನ ರಸ್ತೆಯಲ್ಲಿ ನಿಂತರೆ ಆ ಮೆಟ್ಟಿಲು ಹೊಲಗಳು ಈಗಲೂ ಕಾಣುತ್ತವೆ. ಅಲ್ಲಿ ಬೆಳೆಯುವ ಘಾಟಿನ ಬೆಳ್ಳುಳ್ಳಿಗೆ 2019ರಲ್ಲಿ ‘ಕೊಡೈಕೆನಾಲ್ ಮಲೈ ಪೂಂಡು’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತು ಸಿಕ್ಕಿತು.

1821ರಲ್ಲಿ ಲೆಫ್ಟಿನೆಂಟ್ ವಾರ್ಡ್ ಎಂಬ ಸರ್ವೇ ಅಧಿಕಾರಿ ಈ ಬೆಟ್ಟಗಳನ್ನು ಅಳೆಯಲು ಬಂದ. ಅವನು ಬೀಡುಬಿಟ್ಟದ್ದು ಕುನ್ನುವರ ವೆಳ್ಳಗವಿ ಹಳ್ಳಿಯಲ್ಲಿ. ಬಹುಕಾಲ ವಾಹನದ ರಸ್ತೆಯೇ ಇಲ್ಲದೆ, ಕಾಲುದಾರಿಯನ್ನೇ ನಂಬಿದ್ದ ಊರದು. ಅಲ್ಲಿ ಮನೆಗಳಿಗೂ ಗುಡಿಗಳಿಗೂ ನಡುವೆ ಹೆಚ್ಚು ಅಂತರವಿಲ್ಲ. ಊರೊಳಗೆ ಚಪ್ಪಲಿ ಮೆಟ್ಟದ ಸಂಪ್ರದಾಯವನ್ನು ಜನ ಉಳಿಸಿಕೊಂಡು ಬಂದಿದ್ದಾರೆ.

ಸಾವಿನಿಂದ ಓಡಿಬಂದವರು

ನೀಲಗಿರಿಯ ಊಟಿಯನ್ನು ಬ್ರಿಟಿಷ್ ಆಡಳಿತಗಾರರು ಕಟ್ಟಿದರೆ, ಕೊಡೈಕೆನಾಲಿಗೆ ಅಡಿಪಾಯ ಹಾಕಿದವರು ಅಮೆರಿಕದ ಮಿಷನರಿಗಳು. ಮದುರೆಯ ಬಯಲಿನಲ್ಲಿ ಕಾಲರಾ, ಮಲೇರಿಯಾಗಳು ಅವರ ಮನೆಗಳನ್ನು ಬರಿದು ಮಾಡಿದ್ದವು. ಗಂಡಂದಿರು, ಹೆಂಡಂದಿರು, ಹಸುಗೂಸುಗಳು ಒಬ್ಬರ ಹಿಂದೆ ಒಬ್ಬರು ಮಣ್ಣು ಸೇರುತ್ತಿದ್ದರು. ಉಳಿದವರನ್ನಾದರೂ ಉಳಿಸಿಕೊಳ್ಳಬೇಕೆಂದು 1845ರಲ್ಲಿ ಅವರು ಈ ಎತ್ತರದಲ್ಲಿ ‘ಸನ್ನಿಸೈಡ್’, ‘ಶೆಲ್ಟನ್’ ಎಂಬ ಎರಡು ಬಂಗಲೆಗಳನ್ನು ಕಟ್ಟಿಕೊಂಡರು. ಇಂದು ಮೋಜಿನ ಊರೆನಿಸಿದ ಕೊಡೈಕೆನಾಲ್ ಹುಟ್ಟಿದ್ದು ಜೀವಭಯದಿಂದ.

ಮೇಲೆ ಬರುವುದಾದರೂ ಸುಲಭವಿರಲಿಲ್ಲ. ಪೆರಿಯಕುಳಂ ಹತ್ತಿರದ ತೋಪಿನವರೆಗೆ ಎತ್ತಿನ ಗಾಡಿ. ಅಲ್ಲಿಂದ ಮುಂದೆ ಕಡಿದಾದ ದಾರಿಯಲ್ಲಿ ನಡಿಗೆ, ಕುದುರೆ ಇಲ್ಲವೇ ಡೋಲಿ. ಡೋಲಿ ಹೊತ್ತ ಹೆಗಲುಗಳ ಹೆಸರು ಯಾವ ಫಲಕದ ಮೇಲೂ ಇಲ್ಲ. ಪಿಯಾನೊ, ಮಂಚ, ಕಪಾಟು, ಕಿಟಕಿಯ ಗಾಜು, ಎಲ್ಲವನ್ನೂ ತಲೆಯ ಮೇಲೆ ಹೊತ್ತು ತಂದ ಕೂಲಿಗಳೇ ಈ ಊರನ್ನು ನಿಜವಾಗಿ ಬೆಟ್ಟ ಹತ್ತಿಸಿದವರು. ವತ್ತಲಗುಂಡು ಕಡೆಯಿಂದ ಮೋಟಾರು ಹೋಗುವ ಘಾಟಿ ರಸ್ತೆ ಆದದ್ದು 20ನೇ ಶತಮಾನದ ಎರಡನೇ ದಶಕದಲ್ಲಿ. ಅದನ್ನು ರೂಪಿಸಿದ ಮೇಜರ್ ಲಾ ಅವರ ಹೆಸರಿನಲ್ಲಿ ಅದು ‘ಲಾ ಘಾಟ್’ ಎನಿಸಿಕೊಂಡಿತು.

ಲೆವಿಂಜ್ ಕಟ್ಟಿಸಿದ ಕೆರೆ

ಊರಿನ ನಡುವಿನ ಜಲರಾಶಿಯನ್ನು ನಿಸರ್ಗದ ಕೊಡುಗೆ ಎಂದುಕೊಳ್ಳುವವರೇ ಹೆಚ್ಚು. ಅದು ನಮ್ಮ ಊರಿನ ಕೆರೆಗಳಂತೆಯೇ ಕಟ್ಟಿಸಿದ ಕೆರೆ. ಮದುರೆಯ ಕಲೆಕ್ಟರ್ ಆಗಿದ್ದ ಸರ್ ವಿಯರ್ ಹೆನ್ರಿ ಲೆವಿಂಜ್ 1863ರಲ್ಲಿ ಜೌಗು ಕಣಿವೆಯ ಹಳ್ಳಗಳಿಗೆ ಅಡ್ಡಲಾಗಿ ಏರಿ ಹಾಕಿಸಿದರು. ನೀರು ಸುತ್ತಲಿನ ಕವಲು ಕಣಿವೆಗಳೊಳಕ್ಕೆ ಕೈಬೆರಳುಗಳಂತೆ ಚಾಚಿಕೊಂಡಿತು. ಸುಮಾರು 60 ಎಕರೆಯ ಈ ಕೆರೆಯನ್ನು ಒಮ್ಮೆ ಸುತ್ತಿ ಬರಲು ಐದು ಕಿಲೋಮೀಟರಿನಷ್ಟು ನಡೆಯಬೇಕು. ಕೋಡಿ ಬಿದ್ದ ನೀರು ಹಳ್ಳವಾಗಿ ಹರಿದು, ಘಾಟಿ ರಸ್ತೆಯಲ್ಲಿ ಬರುವವರನ್ನು ಮೊದಲು ಎದುರುಗೊಳ್ಳುವ ಸಿಲ್ವರ್ ಕ್ಯಾಸ್ಕೇಡ್ ಜಲಪಾತವಾಗಿ ಧುಮುಕುತ್ತದೆ.

ಲೆವಿಂಜ್ ಕೆರೆಗೆ ಮೀನು ಬಿಡಿಸಿದರು, ತೂತ್ತುಕುಡಿಯಿಂದ ದೋಣಿ ತರಿಸಿದರು. ನಿವೃತ್ತರಾದ ಮೇಲೆ ಇಲ್ಲಿಯೇ ನೆಲೆಸಿದರು. 1890ರಲ್ಲಿ ದೋಣಿ ಕ್ಲಬ್ ಹುಟ್ಟಿತು. 1872ರಲ್ಲಿ ಲೆಫ್ಟಿನೆಂಟ್ ಕೋಕರ್ ಬೆಟ್ಟದ ದಕ್ಷಿಣದ ಅಂಚಿಗೆ ಒಂದು ಕಿಲೋಮೀಟರ್ ಉದ್ದದ ಕಾಲುದಾರಿ ಮಾಡಿಸಿದ್ದರು. ಮೋಡ ಸರಿದ ಬೆಳಗಿನಲ್ಲಿ ಅಲ್ಲಿಂದ ಬಯಲುಸೀಮೆ ಕಾಲಡಿಗೇ ಹಾಸಿದಂತೆ ಕಾಣುತ್ತದೆ. 1908ರಲ್ಲಿ ಬ್ರ್ಯಾಂಟ್ ಎಂಬ ಅರಣ್ಯಾಧಿಕಾರಿ ಕೆರೆಯ ಪಕ್ಕದಲ್ಲಿ ಸಸ್ಯೋದ್ಯಾನ ರೂಪಿಸಿದರು. ಪ್ರತಿ ಮೇ ತಿಂಗಳ ಹೂವಿನ ಪ್ರದರ್ಶನ ನಡೆಯುವುದು ಅಲ್ಲಿಯೇ. ಮಿಷನರಿಗಳ ಮಕ್ಕಳಿಗೆಂದು 1901ರಲ್ಲಿ ತೆರೆದ ಹೈಕ್ಲರ್ಕ್ ಶಾಲೆ ಈಗಿನ ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲ್.

ಈ ಪಟ್ಟಿಯಲ್ಲಿ ಗಮನಿಸಬೇಕಾದ್ದು ಒಂದಿದೆ. ಕೆರೆ, ಕಾಲುದಾರಿ, ತೋಟ, ಶಾಲೆ, ಇವೆಲ್ಲ ತಿಂಗಳುಗಟ್ಟಲೆ ಇಲ್ಲಿ ಉಳಿದು, ನಿಧಾನವಾಗಿ ನಡೆದಾಡುವವರಿಗಾಗಿ ಆದವು. ಎರಡು ದಿನದಲ್ಲಿ ಹನ್ನೆರಡು ‘ಪಾಯಿಂಟ್’ ಮುಗಿಸುವ ಪ್ರವಾಸಿಗರಿಗಾಗಿ ಅಲ್ಲ.

ಸೂರ್ಯನನ್ನು ಓದುವ ಮನೆ

ಕೊಡೈಕೆನಾಲಿನಲ್ಲಿ ಕನ್ನಡಿಗರು ಅತ್ಯಗತ್ಯವಾಗಿ ನೋಡಬೇಕಾದ ಜಾಗ ಯಾವುದು ಎಂದು ಕೇಳಿದರೆ ಕೆರೆಗಿಂತ ಮೊದಲು ಸೌರ ವೀಕ್ಷಣಾಲಯದ ಹೆಸರು ಹೇಳುತ್ತೇನೆ. ಅದರ ಹುಟ್ಟಿನ ಹಿಂದೆ ನಮ್ಮ ನಾಡೂ ನರಳಿದ ಒಂದು ದುರಂತವಿದೆ. 1876ರಿಂದ 1878ರವರೆಗೆ ಮದರಾಸು ಪ್ರಾಂತ್ಯವನ್ನೂ ಮೈಸೂರು ಸಂಸ್ಥಾನವನ್ನೂ ಬಡಿದ ಆ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ನೆನೆಯುತ್ತಿದ್ದರು. ಲಕ್ಷಲಕ್ಷ ಜನ ಹಸಿವಿನಿಂದ ಸತ್ತರು. ಸೂರ್ಯನ ಮೇಲಿನ ಕಲೆಗಳ ಏರಿಳಿತಕ್ಕೂ ಮಳೆಗೂ ನಂಟಿರಬಹುದು, ಅದನ್ನು ತಿಳಿದರೆ ಬರವನ್ನು ಮುಂಗಾಣಬಹುದು ಎಂಬ ಆಸೆ ಆಗ ವಿಜ್ಞಾನಿಗಳಲ್ಲಿ ಬಲವಾಗಿತ್ತು. ಸೂರ್ಯನನ್ನು ದಿನವೂ ಗಮನಿಸಲು ದಕ್ಷಿಣದ ಎತ್ತರದ ಬೆಟ್ಟವೊಂದು ಬೇಕಾಯಿತು. ಮದರಾಸು ವೀಕ್ಷಣಾಲಯದ ಮಿಚಿ ಸ್ಮಿತ್ ತಾಣಗಳನ್ನು ಪರೀಕ್ಷಿಸಿ ಕೊಡೈಕೆನಾಲನ್ನು ಆರಿಸಿದರು. 1895ರಲ್ಲಿ ಅಡಿಗಲ್ಲು ಬಿತ್ತು, 1899ರಲ್ಲಿ ವೀಕ್ಷಣಾಲಯ ಇಲ್ಲಿಗೆ ಬಂತು.

1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಇಲ್ಲಿ ಸೌರಕಲೆಗಳ ರೋಹಿತವನ್ನು ತೆಗೆದು ನೋಡುತ್ತಿದ್ದರು. ಕಲೆಯ ಸುತ್ತಲಿನ ಮಬ್ಬು ಅಂಚಿನಲ್ಲಿ ರೋಹಿತದ ಗೆರೆಗಳು ಸ್ಥಾನ ಪಲ್ಲಟಗೊಂಡಿದ್ದವು. ಅನಿಲವು ಕಲೆಯ ನಡುವಿನಿಂದ ಹೊರಗಿನ ಅಂಚಿನ ಕಡೆಗೆ ಹರಿಯುತ್ತಿದೆ ಎಂಬುದು ಅದರಿಂದ ಗೊತ್ತಾಯಿತು. ಜಗತ್ತಿನ ಸೌರವಿಜ್ಞಾನದ ಪುಸ್ತಕಗಳಲ್ಲೆಲ್ಲ ಇದು ‘ಎವರ್‌ಶೆಡ್ ಪರಿಣಾಮ’ ಎಂಬ ಹೆಸರಿನಿಂದಲೇ ಇದೆ. ಅವರ ಮಡದಿ ಮೇರಿ ಎವರ್‌ಶೆಡ್ ಕೂಡ ಇಲ್ಲಿಯೇ ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳನ್ನು ಅಧ್ಯಯನ ಮಾಡಿ ಪ್ರಬಂಧ ಪ್ರಕಟಿಸಿದ ಖಗೋಳಜ್ಞೆ.

1960ರಲ್ಲಿ ಖಗೋಳಜ್ಞ ವೇಣು ಬಾಪು ಈ ವೀಕ್ಷಣಾಲಯದ ಹೊಣೆ ಹೊತ್ತರು. 1971ರಲ್ಲಿ ಅದು ಸ್ವಾಯತ್ತ ಭಾರತೀಯ ಖಭೌತ ಸಂಸ್ಥೆಯಾಗಿ ರೂಪುಗೊಂಡಿತು. ಆ ಸಂಸ್ಥೆಯ ಕೇಂದ್ರ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಕೊಡೈಕೆನಾಲಿನಲ್ಲಿ ನೂರು ವರ್ಷಕ್ಕೂ ಮೀರಿ ತೆಗೆದ ಸೂರ್ಯನ ಚಿತ್ರಗಳು ಗಾಜಿನ ಫಲಕಗಳಲ್ಲೂ ಫಿಲ್ಮಿನಲ್ಲೂ ಉಳಿದು, ಈಗ ಡಿಜಿಟಲ್ ರೂಪ ಪಡೆದಿವೆ. ಒಂದೇ ಜಾಗದಿಂದ ಇಷ್ಟು ದೀರ್ಘಕಾಲ ಸೂರ್ಯನ ದಿನಚರಿ ಬರೆದಿಟ್ಟ ಕೇಂದ್ರಗಳು ಲೋಕದಲ್ಲಿ ಬೆರಳೆಣಿಕೆಯಷ್ಟು. ಬರವನ್ನು ಮುಂಗಾಣುವ ಆಸೆ ಅಂದುಕೊಂಡಂತೆ ಕೈಗೂಡಲಿಲ್ಲ. ಆದರೆ ಆ ಆಸೆಯಿಂದ ಹುಟ್ಟಿದ ತಾಳ್ಮೆಯ ಕೆಲಸ ಇಂದಿಗೂ ಫಲ ಕೊಡುತ್ತಿದೆ.

ಕುರಿಂಜಿ, ಶೋಲಾ ಮತ್ತು ಕಾಟಿ

ಈ ಬೆಟ್ಟದ ಮೂಲ ಸ್ವರೂಪ ನಮ್ಮ ಚಿಕ್ಕಮಗಳೂರಿನ ಗಿರಿಗಳನ್ನು ಬಲ್ಲವರಿಗೆ ಹೊಸದಲ್ಲ. ಮಡಿಕೆಗಳಲ್ಲಿ ಕುಳ್ಳ ಮರಗಳ ದಟ್ಟ ಶೋಲಾ, ಬೋಳು ನೆತ್ತಿಗಳಲ್ಲಿ ಹುಲ್ಲು. ಹುಲ್ಲುಗಾವಲು ಮಳೆಯನ್ನು ಹೀರಿ ಶೋಲಾದ ಒರತೆಗಳ ಮೂಲಕ ವರ್ಷವಿಡೀ ಹಳ್ಳಕ್ಕೆ ಬಿಡುತ್ತದೆ. ವಸಾಹತು ಕಾಲದಲ್ಲಿ ಸೌದೆಗೆಂದು, ಆಮೇಲೆ ಕಾರ್ಖಾನೆಗಳ ತಿರುಳು, ತೊಗಟೆಗಳಿಗೆಂದು ಅಕೇಶಿಯ, ನೀಲಗಿರಿ, ಪೈನ್ ಗಿಡಗಳನ್ನು ಹುಲ್ಲುಗಾವಲಿನ ಮೇಲೆಲ್ಲ ನೆಟ್ಟರು. ಸಿನಿಮಾದವರು ಮೆಚ್ಚುವ ಪೈನ್ ತೋಪು ಹೀಗೆ ಹೊರಗಿನಿಂದ ತಂದು ಬೆಳೆಸಿದ್ದು. ಅದರಡಿ ಹುಲ್ಲು ಚಿಗುರುವುದು ಕಷ್ಟ.

ಉಳಿದ ಹುಲ್ಲುಗಾವಲಿನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ನೀಲಿ ಕುರಿಂಜಿ ಅರಳುತ್ತದೆ. ನಾವು ಗುರಿಗೆ ಎನ್ನುವ ಹೂವಿನ ಬಳಗವೇ ಅದು. ಇಲ್ಲಿ 2006ರಲ್ಲಿ, ಆಮೇಲೆ 2018ರಲ್ಲಿ ಅರಳಿತು. ಮುಂದಿನ ಸರದಿ 2030ಕ್ಕೆ. ಸಂಗಂ ಸಾಹಿತ್ಯದಲ್ಲಿ ಬೆಟ್ಟದ ನಾಡಿಗೆ ಈ ಹೂವಿನದೇ ಹೆಸರು, ಆ ನಾಡಿನ ದೇವರು ಮುರುಗ. ಊರಿನಿಂದ ಮೂರು ಕಿಲೋಮೀಟರ್ ದೂರದಲ್ಲಿ ಕುರಿಂಜಿ ಆಂಡವರ್ ಗುಡಿಯಿದೆ. ಅದನ್ನು 1936ರಲ್ಲಿ ಕಟ್ಟಿಸಿದವರು ಲೀಲಾವತಿ ರಾಮನಾಥನ್. ಸಿಂಹಳದ ಮುಖಂಡ ಪೊನ್ನಂಬಲಂ ರಾಮನಾಥನ್ ಅವರನ್ನು ಮದುವೆಯಾಗಿ ಶೈವ ಧರ್ಮವನ್ನು ಒಪ್ಪಿಕೊಂಡ ಆಸ್ಟ್ರೇಲಿಯಾದ ಹೆಣ್ಣುಮಗಳು ಅವರು.

ಕಾಡುಕೋಣಗಳು, ಅಂದರೆ ಕಾಟಿಗಳು, ಈಗ ಸಂಜೆ ಹೊತ್ತು ಅಂಗಡಿ ಬೀದಿಯಲ್ಲೇ ನಡೆದು ಹೋಗುತ್ತವೆ. ಸುತ್ತಲಿನ ಕಾಡು 2013ರಿಂದ ವನ್ಯಜೀವಿಧಾಮ. ಆದರೆ ಮೇಯುವ ಹುಲ್ಲಿದ್ದ ಜಾಗದಲ್ಲಿ ತೋಪು, ಕಾಟೇಜು ಎದ್ದ ಮೇಲೆ ಪ್ರಾಣಿ ಊರಿಗೆ ಬರದೆ ಎಲ್ಲಿಗೆ ಹೋದೀತು?

ಊರು ಪಟ್ಟ ಪೆಟ್ಟು

ಬೆಟ್ಟದ ಮೇಲೆ 1980ರ ದಶಕದಲ್ಲಿ ಪಾದರಸದ ಥರ್ಮಾಮೀಟರ್ ಕಾರ್ಖಾನೆಯೊಂದು ಬಂತು. ಅಮೆರಿಕದಲ್ಲಿ ಮುಚ್ಚಿದ ಕಾರ್ಖಾನೆಯ ಯಂತ್ರಗಳು ಇಲ್ಲಿ ತಿರುಗಿದವು. ಪಾದರಸ ಅಂಟಿದ ಒಡೆದ ಗಾಜು ಮೂಂಜಿಕ್ಕಲ್‌ನ ಗುಜರಿ ಅಂಗಡಿಯಲ್ಲಿ 2001ರಲ್ಲಿ ಊರವರ ಕಣ್ಣಿಗೆ ಬಿತ್ತು. ಕಾರ್ಖಾನೆಯ ಹಿಂದಿನ ಇಳಿಜಾರೇ ಪಾಂಬಾರ್ ಶೋಲಾ. ನೀರು ಅಲ್ಲಿಂದ ಬಯಲಿಗೆ ಇಳಿಯುತ್ತದೆ. ಕಾರ್ಖಾನೆ ಅದೇ ವರ್ಷ ಮುಚ್ಚಿತು. ಪಾದರಸ ತುಂಬಿದ ತ್ಯಾಜ್ಯವನ್ನು 2003ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಮರಳಿಸಲಾಯಿತು. ಕಾಯಿಲೆ ಬಿದ್ದ ಕಾರ್ಮಿಕರು ಹದಿನೈದು ವರ್ಷ ಹೋರಾಡಿದರು. 591 ಮಂದಿ ಮಾಜಿ ಕಾರ್ಮಿಕರ ಜೊತೆ ಕಂಪನಿ ಒಪ್ಪಂದಕ್ಕೆ ಬಂದದ್ದು 2016ರಲ್ಲಿ. ಹೋರಾಟ ಬಿಡದ ಈ ಜನರ ಕಥೆಯನ್ನು ಊರ ಚರಿತ್ರೆಯಲ್ಲಿ ಕಲೆಕ್ಟರುಗಳ ಹೆಸರಿನ ಪಕ್ಕದಲ್ಲೇ ಬರೆಯಬೇಕು.

ಎರಡನೆಯ ಪೆಟ್ಟು ನಾವು, ಬಂದುಹೋಗುವವರು, ಕೊಡುತ್ತಿರುವುದು. 1991ರ ‘ಗುಣಾ’ ಚಿತ್ರದಿಂದ ಹೆಸರಾದ ಗುಹೆಗೆ 2024ರಲ್ಲಿ ‘ಮಂಜುಮ್ಮಲ್ ಬಾಯ್ಸ್’ ತೆರೆಕಂಡ ಮೇಲೆ ಜನ ಮುಗಿಬಿದ್ದರು. ಅದೇ ವರ್ಷ ಮದ್ರಾಸ್ ಹೈಕೋರ್ಟ್ ಆದೇಶದಂತೆ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಗೆ ದಿನಕ್ಕೆ 4,000 ವಾಹನ, ವಾರಾಂತ್ಯದಲ್ಲಿ 6,000 ಎಂಬ ಮಿತಿಯೂ ಬಂತು. ವ್ಯಾಪಾರ ಕುಸಿಯುತ್ತದೆ ಎಂದು ಅಂಗಡಿಯವರು ಅಳಲುವುದರಲ್ಲಿ ನ್ಯಾಯವಿದೆ. ಚಾಕೊಲೇಟ್, ನೀಲಗಿರಿ ಎಣ್ಣೆ, ಬೆಣ್ಣೆಹಣ್ಣು ಮಾರುವ ಮನೆಗಳು ಎರಡು ತಿಂಗಳ ಸೀಸನ್ನಿನಲ್ಲೇ ವರ್ಷದ ಅನ್ನ ದುಡಿಯಬೇಕು. ಆದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಾಗುವ ಊರು ಎಷ್ಟು ಜನರನ್ನು ತಾನೇ ತಾಳಿಕೊಂಡೀತು? ಬಚ್ಚಲ ನೀರು ಕೆರೆಗೆ ಹರಿದರೆ ನಾಳೆ ಮಾರಲು ಏನು ಉಳಿದೀತು?

ನನ್ನ ಅಭಿಪ್ರಾಯ ಸ್ಪಷ್ಟ: ಮಿತಿ ಬೇಕು, ಸೀಸನ್ನು ವರ್ಷವಿಡೀ ಹರಡಬೇಕು. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮೇ ತಿಂಗಳನ್ನು ಬಿಟ್ಟು, ಜನವರಿ–ಫೆಬ್ರವರಿಯ ಚಳಿಯಲ್ಲೋ ಆಗಸ್ಟಿನ ಮಂಜಿನಲ್ಲೋ ವಾರದ ನಡುವೆ ಹೋಗಿ. ಇ-ಪಾಸ್ ಮೊದಲೇ ಮಾಡಿಸಿ. ನೀರಿನ ಬಾಟಲಿ ಮನೆಯಿಂದಲೇ ಒಯ್ಯಿರಿ. ಕಾರು ನಿಲ್ಲಿಸಿ ಕೆರೆಯನ್ನು ನಡೆದೇ ಸುತ್ತಿ. ಒಂದು ಮಧ್ಯಾಹ್ನ ಪೂಂಬಾರೈಗೆ ಹೋಗಿ ರೈತರ ಕೈಯಿಂದಲೇ ಬೆಳ್ಳುಳ್ಳಿ ಕೊಳ್ಳಿ, ಒಂದು ಬೆಳಗ್ಗೆ ವೀಕ್ಷಣಾಲಯಕ್ಕೆ ಕೊಡಿ. ಮುಳ್ಳಯ್ಯನಗಿರಿಯಲ್ಲೂ ಮಡಿಕೇರಿಯಲ್ಲೂ ಇದೇ ದಟ್ಟಣೆಯನ್ನು ಕಾಣುತ್ತಿರುವ ನಾವು, ನಮ್ಮ ಬೆಟ್ಟಕ್ಕೆ ಬರುವವರಿಂದ ಯಾವ ನಡವಳಿಕೆ ಬಯಸುತ್ತೇವೋ ಅದನ್ನೇ ಈ ಊರಿನಲ್ಲೂ ನಡೆಸಿಕೊಡಬೇಕು.