ಮರದ ನೆಲ ಹೆರೆದವರು

ನೀರು ಸುರಿದು ತೊಳೆದರೇ ನೆಲ ಸ್ವಚ್ಛ ಎಂದು ನಂಬಿ ಬೆಳೆದವರು ನಾವು. ಅದೇ ಅಭ್ಯಾಸ ಫ್ರಾನ್ಸಿನ ವರ್ಸೇಲ್ಸ್ ಅರಮನೆಗೆ ದುಬಾರಿಯಾಯಿತು. ಅಲ್ಲಿನ ಅಮೃತಶಿಲೆಯ ನೆಲವನ್ನು ಪದೇ ಪದೇ ತೊಳೆಯಬೇಕಿತ್ತು. ನೀರು ಇಳಿದು ಕೆಳಗಿನ ಮರದ ತೊಲೆಗಳು ಕೊಳೆಯತೊಡಗಿದವು. 1684ರಲ್ಲಿ ಕಲ್ಲಿನ ಬದಲು ಓಕ್ ಮರದ ನೆಲ ಹಾಕಿಸಿದರು. ಓರೆಯಾಗಿ ಹೆಣೆದ ಆ ಚೌಕಗಳಿಗೆ ಇವತ್ತಿಗೂ ವರ್ಸೇಲ್ಸ್ ಪಾರ್ಕೆ ಎಂದೇ ಹೆಸರು.

ಮರಕ್ಕೂ ಅದರದೇ ತಕರಾರುಗಳಿವೆ. ಅಡಿಯಿಂದ ತೇವ ಕುಡಿದ ಹಲಗೆ ಉಬ್ಬಿ ಅಂಚುಗಳು ಮೇಲೇಳುತ್ತವೆ. ಒಣಗುವ ಮೊದಲೇ ಅವಸರಪಟ್ಟು ಅವನ್ನು ಹೆರೆದರೆ, ಒಣಗಿದ ಮೇಲೆ ಅಂಚು ತಗ್ಗಿ ನಡು ಉಬ್ಬಿ ನಿಲ್ಲುತ್ತದೆ. ಪ್ರತಿ ಸಲ ಹೆರೆದಾಗಲೂ ಹಲಗೆ ತೆಳುವಾಗುವುದರಿಂದ, ದುರಸ್ತಿಗೂ ಒಂದು ಲೆಕ್ಕವಿದೆ.

ಯಂತ್ರಗಳಿಲ್ಲದ ಕಾಲದಲ್ಲಿ ಈ ಕೆಲಸ ಹೇಗಿತ್ತೆಂದು ತಿಳಿಯಲು ಗುಸ್ತಾವ್ ಕೈಬೊತ್ 1875ರಲ್ಲಿ ಬರೆದ ವರ್ಣಚಿತ್ರ ನೋಡಬೇಕು. ಪ್ಯಾರಿಸ್ಸಿನ ಮನೆಯೊಂದರ ಕೋಣೆ. ಬರಿಮೈಯ ಮೂವರು ಮೊಣಕಾಲೂರಿ, ಎರಡೂ ಕೈ ಚಾಚಿ ನೆಲ ಹೆರೆಯುತ್ತಿದ್ದಾರೆ. ಹೆರೆದ ಪಟ್ಟಿ ಬಿಳಿಚು, ಹೆರೆಯದ್ದು ಕಪ್ಪು. ಸುತ್ತ ಸುರುಳಿ ಸುರುಳಿ ಮರದ ಹೊಟ್ಟು, ಪಕ್ಕದಲ್ಲಿ ವೈನ್ ಬಾಟಲಿ, ಲೋಟ. ಕಿಟಕಿಯ ಬೆಳಕು ಬೆವರಿನ ಬೆನ್ನಿನ ಮೇಲೂ ನೆಲದ ಮೇಲೂ ಒಂದೇ ಥರ ಹೊಳೆಯುತ್ತದೆ.

ಆಗಿನ ಅಧಿಕೃತ ಪ್ರದರ್ಶನ ಸಲೋನ್ ಅದನ್ನು ತಿರಸ್ಕರಿಸಿತು. ಹೊಲದ ರೈತರನ್ನು ಚಿತ್ರಿಸಿದರೆ ಒಪ್ಪುತ್ತಿದ್ದ ಕಾಲ ಅದು. ಪಟ್ಟಣದ ಕೂಲಿಯವರು ಯಾರಿಗೆ ಬೇಕಿತ್ತು! ಮರುವರ್ಷ ಇಂಪ್ರೆಷನಿಸ್ಟರ ಎರಡನೇ ಪ್ರದರ್ಶನದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಅಲ್ಲೂ ಕಾದಂಬರಿಕಾರ ಎಮಿಲ್ ಜೋಲಾ ಇದು ಕಲೆಯಾಗಲಾರದಷ್ಟು ನಿಖರ ಎಂದು ಮೂಗು ಮುರಿದ. ನನಗೋ ಆ ನಿಖರತೆಯೇ ಲಾಭ. ಹಳೆಯ ಸಾಫ್ಟ್‌ವೇರ್ ದುರಸ್ತಿಯಲ್ಲೇ ದಿನ ಕಳೆಯುವವಳು ನಾನು. ಚೆನ್ನಾಗಿ ಮಾಡಿದ ದುರಸ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ನಡೆಯುತ್ತಿರುವಾಗಲೇ ಹಿಡಿದಿಟ್ಟ ಚಿತ್ರ ಇದು. ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಶೀರ್ಷಿಕೆಯಲ್ಲಿ ಆ ಮೂವರ ಕಸುಬಿದೆ, ಹೆಸರಿಲ್ಲ.

20ನೇ ಶತಮಾನದಲ್ಲಿ ಉಜ್ಜುಕಾಗದ ಸುತ್ತಿದ ವಿದ್ಯುತ್ ಡ್ರಮ್ ಯಂತ್ರ ಬಂತು. ದಿನಗಟ್ಟಲೆಯ ಕೆಲಸ ಗಂಟೆಗಳಿಗೆ ಇಳಿಯಿತು. ಆದರೆ ಡ್ರಮ್ ಕೋಣೆಯ ಮೂಲೆ ಮುಟ್ಟುವುದಿಲ್ಲ. ಅಲ್ಲಿ ಇಂದಿಗೂ ಯಾರಾದರೂ ಮೊಣಕಾಲೂರಿ ಕೈಯಿಂದಲೇ ಹೆರೆಯಬೇಕು.