ಸಸ್ಪೆನ್ಷನ್

ಲ್ಯಾಟಿನ್‌ನ ‘ಸಸ್ಪೆಂಡೆರೆ’ ಎಂದರೆ ತೂಗುಹಾಕು. ಗಡಿಯಾರದ ಪೆಂಡುಲಂ, ಕೊರಳಿನ ಪೆಂಡೆಂಟ್ ಇದೇ ಧಾತುವಿನ ಬಳಗ. ಯುರೋಪಿನ ಹಳೆಯ ಸಾರೋಟುಗಳಲ್ಲಿ ಕೂರುವ ಪೆಟ್ಟಿಗೆಯನ್ನು ಚರ್ಮದ ಪಟ್ಟಿಗಳಿಂದ ನಿಜವಾಗಿಯೇ ತೂಗುಹಾಕುತ್ತಿದ್ದರು. ಪಟ್ಟಿ ಹೋಗಿ ಉಕ್ಕಿನ ಸ್ಪ್ರಿಂಗ್ ಬಂದರೂ ಹೆಸರು ಉಳಿಯಿತು.

ಕನ್ನಡದಲ್ಲಿ ಈ ಪದ ನೌಕರನಿಗೆ ಅಮಾನತು, ಸೇತುವೆಗೆ ತೂಗುಸೇತುವೆ. ವಾಹನಕ್ಕೆ ಬಂದರೆ ಸಸ್ಪೆನ್ಷನ್ ಸಸ್ಪೆನ್ಷನ್ನೇ. ಗ್ಯಾರೇಜಿನ ‘ಶಾಕಪ್’ ಅದರ ಒಂದು ಭಾಗ ಮಾತ್ರ.

ಪದದ ಪೂರ್ಣ ಅರ್ಥ ಕೈಗೆ ಸಿಗುವುದು ರಿಮೋಟ್‌ನಿಂದ ಓಡಿಸುವ ಆಟಿಕೆ ಟ್ರಕ್ ಬಿಚ್ಚಿದಾಗ. ಜಪಾನಿನ ತಮಿಯಾ ಕಂಪನಿ 1987ರಲ್ಲಿ ತಂದ ‘ಕ್ಲಾಡ್ ಬಸ್ಟರ್’ ನೋಡಿ: 1/10 ಅಳತೆ, ಎರಡು ಮೋಟಾರು, ನಾಲ್ಕೂ ಚಕ್ರ ತಿರುಗಿಸುವ ಸ್ಟಿಯರಿಂಗ್. ಸೊಗಸಾದ ಯಂತ್ರ, ಆದರೆ ಸಸ್ಪೆನ್ಷನ್ ಬಿಗಿ. ಅದರ ಡ್ಯಾಂಪರ್‌ಗಳಲ್ಲಿ, ಅಂದರೆ ಶಾಕಪ್‌ಗಳಲ್ಲಿ, ಎಣ್ಣೆಯಿಲ್ಲ, ಬರೀ ಉಜ್ಜುವಿಕೆ. ಸ್ಟಿಯರಿಂಗ್ ಸರ್ವೋ (ಚಕ್ರ ಹೊರಳಿಸುವ ಸಾಧನ) ಚಾಸಿಯ ಮೇಲಿದೆ. ಉಬ್ಬು ಹತ್ತಿ ಆಕ್ಸಲ್ ಮೇಲೇರಿದರೆ ಸರ್ವೋಗೂ ಚಕ್ರಕ್ಕೂ ನಡುವಿನ ಕಡ್ಡಿ ಎಳೆದು ಚಕ್ರ ತಾನಾಗಿ ಹೊರಳುತ್ತದೆ. ಅದಕ್ಕೇ ಹವ್ಯಾಸಿಗಳು ಸರ್ವೋವನ್ನು ಆಕ್ಸಲ್ ಮೇಲೆಯೇ ಕೂರಿಸುತ್ತಾರೆ, ಆಕ್ಸಲನ್ನು ನಾಲ್ಕು ಕಡ್ಡಿಗಳಿಂದ ಹಿಡಿಸಿ ಸಿಲಿಕಾನ್ ಎಣ್ಣೆಯ ಉದ್ದ ಡ್ಯಾಂಪರ್ ಹಾಕುತ್ತಾರೆ. ಆಗ ಚಕ್ರ ಕಲ್ಲು ಹತ್ತಿ ಇಳಿಯುತ್ತದೆ, ಬಾಡಿ ಅಷ್ಟು ಕುಲುಕುವುದಿಲ್ಲ.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಸಾಕೆಂಬುದು ತಪ್ಪು ನಂಬಿಕೆ. ಸ್ಪ್ರಿಂಗ್ ಭಾರ ಹೊರುತ್ತದೆ, ಕುಣಿತ ನಿಲ್ಲಿಸುವುದು ಎಣ್ಣೆ. ಮುಂಭಾಗ ಒತ್ತಿ ಬಿಡಿ: ಒಮ್ಮೆ ಎದ್ದು ನಿಂತರೆ ಸರಿ, ಮತ್ತೆ ಮತ್ತೆ ಪುಟಿದರೆ ಎಣ್ಣೆ ಇನ್ನಷ್ಟು ಮಂದವಾಗಿರಬೇಕು.